ಹಾಡಹಗಲಿನ ಉಡಕಿ

ನಮ್ಮ ಸೋದರತ್ತೆಯ ಕಿವಿಯಲ್ಲಿ ಒಂದು ದೋಷವಿದೆ. ಯಾವ ಡಾಕ್ಟರ ಕೈಗೂ ಸಿಗದ ದೋಷ! ನಾಲ್ಕು ಮನೆ ಆಚೆ ಯಾರಾದರೂ ಪಿಸುದನಿಯಲ್ಲಿ ಅವಳ ಬಗ್ಗೆ ಆಡಿಕೊಂಡರೆ ಅಕ್ಷರಕ್ಷರ ಕೇಳಿಸುತ್ತದೆ. ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದು ಬೀದಿಕಟ್ಟೆಯ ಮೇಲೆ ಕೂತಿದ್ದರೂ ಕೇಳಿಸುತ್ತದೆ. ಆದರೆ ‘ಬ್ಯಾಡ’ ಎನ್ನುವ ಒಂದು ಶಬ್ದ ಮಾತ್ರ ಹುಟ್ಟಿದಾಗಿನಿಂದ ಇವತ್ತಿನವರೆಗೆ ಅವಳ ಕಿವಿಯೊಳಗೆ ಇಳಿದಿಲ್ಲ. ಹೇಳಿದವರ ಬಾಯಿ ನೋಯುತ್ತದೆ, ಅವಳು ಮಾಡಬೇಕಾದ್ದನ್ನು ಮಾಡಿ ಮುಗಿಸಿರುತ್ತಾಳೆ.

ಅವಳ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಸ್ಕೂಟಿ ಹತ್ತಿ ಗಡಿಯಾಚೆಯ ಜತ್ತಿನಿಂದ ಸೀದಾ ವಿಜಾಪುರದ ನನ್ನ ಗಂಡನ ಮನೆಗೆ ಬಂದಾಳು! ಹೌದು, ಸ್ಕೂಟಿ. ಐವತ್ತು ದಾಟಿದ ಮೇಲೆ ಕಲಿತದ್ದು. ದರಿಬಡಚಿಯಲ್ಲಿರುವ ನಮ್ಮಪ್ಪ, ಅಂದರೆ ಅವಳ ಏಕೈಕ ಅಣ್ಣ, ಸುದ್ದಿ ಕೇಳಿ ಬೆಳಗಿನ ಬಸ್ಸಿಗೇ ಜತ್ತಿಗೆ ಹೋಗಿ, “ಈ ವಯಸ್ಸಿನಾಗ ಬ್ಯಾಡವಾ” ಎಂದು ಹೇಳಿ ಬಂದಿದ್ದ. ಅದರ ಫಲವೇನು ಎಂದು ನೀವೇ ಊಹಿಸಿಕೊಳ್ಳಿ. ಬಯಲಲ್ಲಿ ಒಂದು ವಾರ ಬಿದ್ದಳು, ಎದ್ದಳು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಜತ್ತಿನ ಪೇಟೆಗೆ ಇಳಿದೇಬಿಟ್ಟಳು. ಆ ಗಾಡಿಯ ಹಾರ್ನು ಮೊದಲ ತಿಂಗಳಲ್ಲೇ ಕೆಟ್ಟಿತು. ಮೆಕ್ಯಾನಿಕ್, “ಅಕ್ಕಾರ, ಹೊಸಾದ ಹಾಕಿಸ್ರಿ” ಎಂದರೆ, “ಯಾಕ? ನನ್ನ ಬಾಯಿ ಸತ್ತೈತೇನು?” ಎಂದಳು. ಅಂದಿನಿಂದ ಅವಳ ಸವಾರಿ ಹೊರಟರೆ ಪೇಟೆಯ ತುಂಬ ಕೇಳುತ್ತದೆ: “ಏ ಬಾಳಿಹಣ್ಣಾ, ಗಾಡಿ ಒಳಗ ತೊಗೊ! ಏ ಹಸರ ಅಂಗಿ, ಸರೀ!” ಟ್ರಕ್ಕಿನವರು ಕೂಡ ಬದಿಗೆ ಸರಿಯುತ್ತಾರೆ.

ಅತ್ತೆಯ ಗಂಡ ತೀರಿಕೊಂಡಾಗ ನಾನಿನ್ನೂ ಸಾಲಿಗೆ ಹೋಗುತ್ತಿದ್ದೆ. ಮಕ್ಕಳಿಲ್ಲ. “ಊರಿಗೆ ಬಾ, ನಮ್ಮ ಜೋಡಿ ಇರು” ಎಂದು ಅಪ್ಪ ಕರೆದ. ಅವಳು ಒಪ್ಪಲಿಲ್ಲ. ಜತ್ತಿನಲ್ಲೇ ಗಂಡನ ಎರಡು ಖೋಲಿಯ ಮನೆಯಲ್ಲಿ ಉಳಿದು ಕೌದಿ ಹೊಲಿಯುವುದನ್ನೇ ಕಸುಬು ಮಾಡಿಕೊಂಡಳು. ಹಳೆಯ ಸೀರೆ, ದೋತರ, ಅಂಗಿ, ಯಾರ ಮನೆಯಲ್ಲಿ ಏನು ಹಳತಾಗಿದೆ ಎಂದು ಆ ಮನೆಯವರಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತದೆ. ಮೈಮೇಲಿದ್ದ ಅಂಗಿಯನ್ನೂ ಬಿಡುವವಳಲ್ಲ. ನನ್ನ ಗಂಡ ಮದುವೆಯಾದ ಹೊಸದರಲ್ಲಿ ಅವಳ ಮನೆಗೆ ಬಂದಾಗ, ಕಾಲರ್ ಹಿಡಿದು ನೋಡಿ, “ಅಳಿಯಂದ್ರ, ಇದು ಇನ್ನ ಎಷ್ಟ ದಿವಸ ಹಾಕ್ತೀರಿ?” ಎಂದು ಕೇಳಿದ್ದಳು! ಆತ ಇವತ್ತಿಗೂ ಅವಳ ಮನೆಗೆ ಹೊಸ ಅಂಗಿ ತೊಟ್ಟೇ ಹೋಗುತ್ತಾನೆ.

ಕೌದಿಗೆ ಒಂದು ಪದ್ಧತಿಯುಂಟು. ಹೊಲಿದು ಮುಗಿಸುವಾಗ ಕೊನೆಯ ಮೂಲೆಯನ್ನು ಬಿಟ್ಟಿರುತ್ತಾರೆ. ಅದರೊಳಗೆ ಹೋಳಿಗೆಯ ಒಂದು ತುತ್ತು ಇಟ್ಟು ಆಮೇಲೆ ಮೂಲೆ ಮುಚ್ಚಬೇಕು. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು. ಈಗ ಬಹಳ ಜನ ಇದನ್ನು ಬಿಟ್ಟಿದ್ದಾರೆ, ಅತ್ತೆ ಬಿಟ್ಟಿಲ್ಲ. ಒಮ್ಮೆ ಪುಣೆಯಿಂದ ಕಾರಿನಲ್ಲಿ ಬಂದ ಬಾಯಿಸಾಹೇಬರೊಬ್ಬರು ಕೌದಿ ಮೆಚ್ಚಿ, ಕೂಡಲೇ ಕೊಡಿ ಎಂದು ಅವಸರ ಮಾಡಿದರು. ಅತ್ತೆ ಮರಾಠಿಯಲ್ಲಿ ಶಾಂತವಾಗಿ, “ಅದರ ಊಟ ಆಗಿಲ್ಲ, ಕೂಡ್ರಿ” ಎಂದಳು. ಕಡಲೆಬೇಳೆ ಕುದಿಸಿ, ಹೂರಣ ರುಬ್ಬಿ, ಹೋಳಿಗೆ ಬೇಯಿಸುವವರೆಗೆ ಆ ಬಾಯಿಸಾಹೇಬರು ಕಟ್ಟೆಯ ಮೇಲೆ ಕೂತರು. “ಇರುವೆ ಬರುವುದಿಲ್ಲವೆ?” ಎಂದು ಕೇಳಿದ್ದಕ್ಕೆ, “ಬರಲಿ, ಅವೂ ಉಣ್ಣಲಿ” ಎಂಬ ಉತ್ತರ ಸಿಕ್ಕಿತು. ಕೊನೆಗೆ ಆ ಬಾಯಿಸಾಹೇಬರು ಕೌದಿಯ ಜೊತೆ ತಾವೂ ಹೊಟ್ಟೆ ತುಂಬ ಉಂಡು, ಕಾರಿನ ಡ್ರೈವರನಿಗೂ ಉಣಿಸಿಕೊಂಡು ಹೋದರು.

ಇಂಥ ಅತ್ತೆ ವರ್ಷಕ್ಕೊಮ್ಮೆ ಮಾತ್ರ ಇನ್ನೊಬ್ಬರ ಮಾತು ಕೇಳುತ್ತಿದ್ದಳು. ಅದು ನಾಗರ ಪಂಚಮಿಗೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನಾದವನು ತಂಗಿಯ ಮನೆಗೆ ಹೋಗಿ ತವರಿಗೆ ಕರೆಯಬೇಕು. ಕರೆಯದೆ ಹೋದವಳಿಗೆ ಮಾನವಿಲ್ಲ, ಕರೆಯಲು ಬಾರದ ಅಣ್ಣನಿಗೆ ಮುಖವಿಲ್ಲ. ಅಪ್ಪ ಪ್ರತಿ ವರ್ಷ ರೊಟ್ಟಿ ಪಂಚಮಿಯ ದಿನ, ಅಂದರೆ ಹಬ್ಬದ ಹಿಂದಿನ ದಿನ, ಶುಭ್ರ ದೋತರ ಉಟ್ಟು, ಛತ್ರಿ ಹಿಡಿದು, ಚೀಲದಲ್ಲಿ ಉಂಡಿ ಕಟ್ಟಿಕೊಂಡು ಜತ್ತಿನ ಬಸ್ಸು ಹತ್ತುತ್ತಿದ್ದ. ಅಲ್ಲಿ ನಡೆಯುವ ಮಾತು ಪ್ರತಿ ವರ್ಷ ಅದೇ.

“ನಡಿ, ಕರೆಯಾಕ ಬಂದೀನಿ.”

“ನಾ ಒಲ್ಲೆ ಅಣ್ಣಾ. ಭಾಳ ಕೆಲಸ ಐತಿ.”

ಹೀಗೆ ಹೇಳುವಾಗ ಬಾಗಿಲ ಹಿಂದೆ ಅವಳ ಚೀಲ ತುಂಬಿ ಕೂತಿರುತ್ತಿತ್ತು! ಅಣ್ಣ ಇನ್ನೊಮ್ಮೆ ಕರೆಯುತ್ತಿದ್ದ, ಇವಳು ಇನ್ನೊಮ್ಮೆ ಒಲ್ಲೆ ಎನ್ನುತ್ತಿದ್ದಳು, ನಂತರ ಇಬ್ಬರೂ ಬಸ್ಸು ಹತ್ತುತ್ತಿದ್ದರು. ಸ್ಕೂಟಿ ಬಂದ ಮೇಲೂ ಆ ದಿನ ಅದನ್ನು ಮುಟ್ಟುತ್ತಿರಲಿಲ್ಲ. “ಕರೆಯಾಕ ಬಂದವರ ಬೆನ್ನ ಹಿಂದ ಹೋಗಬೇಕು, ಅದ ಚಂದ” ಎನ್ನುತ್ತಿದ್ದಳು. ನಮ್ಮೂರಲ್ಲಿ ಜೋಕಾಲಿ ಜೀಕಿ, ಉಂಡಿ ತಿಂದು, ನಮ್ಮನ್ನೆಲ್ಲ ಬೈದು, ಹೊರಡುವ ಹೊತ್ತಿಗೆ ಅವ್ವ ಅವಳ ಸೆರಗಿನಲ್ಲಿ ಜೋಳ, ತೆಂಗಿನಕಾಯಿ, ಕುಬಸದ ಖಣ ಹಾಕಿ ಉಡಿ ತುಂಬುತ್ತಿದ್ದಳು. ಆಗ ಮಾತ್ರ ನಮ್ಮತ್ತೆ ಅಳುತ್ತಿದ್ದಳು. ಗಂಡ ಸತ್ತಾಗಲೂ ನಾಲ್ಕು ಜನರೆದುರು ಅಳದವಳು ಉಡಿಯಲ್ಲಿ ಮುಖ ಮುಚ್ಚಿ ಬಿಕ್ಕುತ್ತಿದ್ದಳು. ಅದೇ ಹೊತ್ತಿಗೆ ಅಪ್ಪನಿಗೆ ದನದ ಕೊಟ್ಟಿಗೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಈಗ ಕಥೆಗೆ ಬ್ಯಾಂಡ್ ಮಾಸ್ತರು ಬರುತ್ತಾರೆ. ಊದುತ್ತಲೇ ಬರುತ್ತಾರೆ, ದಾರಿ ಬಿಡಿ!

ಕುಣಿಕೋಣೂರಿನವರು. ಈ ತಾಲೂಕಿನ ಅರ್ಧ ಜನರ ಮದುವೆಯಲ್ಲಿ ಕ್ಲಾರ್ನೆಟ್ ಊದಿದವರು. ಹೆಂಡತಿ ತೀರಿ ಬಹಳ ವರ್ಷಗಳಾಗಿ, ಒಂಟಿಯಾಗಿ ಜತ್ತಿಗೆ ಬಂದು, ಅತ್ತೆಯ ಮನೆಯ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಹಿಡಿದರು. ಬಂದ ದಿನದಿಂದಲೇ ಮಧ್ಯಾಹ್ನದ ಹೊತ್ತು ತಾಲೀಮು ಶುರು. ಅತ್ತೆ ಒಂದು ವಾರ ತಡೆದಳು. ಅದು ಅವಳ ಬದುಕಿನ ಅತಿ ದೊಡ್ಡ ತಾಳ್ಮೆ. ನಂತರ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಜಗಳಕ್ಕೆ ಹೋದಳು.

“ಏನ್ರಿ ಮಾಸ್ತರ, ಮಧ್ಯಾಹ್ನ ಮಂದಿ ಮಲಗಬೇಕೋ ಏನಿಲ್ಲ?”

“ಮಲಗ್ರಿ. ಚಲೋ ನಿದ್ದಿ ಬರ್ಲಿ ಅಂತನ ಊದಾಕತ್ತೀನಿ.”

“ನಿಮ್ಮ ಪೀಪಿ ಕೇಳಿ ನನ್ನ ಸೂಜಿ ಹಾದಿ ತಪ್ಪಾಕತ್ತೈತಿ!”

“ತಾಳಕ್ಕ ಸರಿಯಾಗಿ ಹೊಲೀರಿ. ತಪ್ಪಂಗಿಲ್ಲ.”

ಅತ್ತೆ ಸೆರಗಿನ ಸೂಜಿ ಸರಿಮಾಡಿಕೊಂಡಳು. ಆ ಕಡೆ ಈ ಕಡೆ ನೋಡಿದಳು. ಗೋಡೆಗೆ ಬ್ಯಾಂಡಿನವರ ಹಳೆಯ ಕೆಂಪು ಕೋಟುಗಳು ನೇತಾಡುತ್ತಿದ್ದವು. ತೋಳು ಹರಿದಿದ್ದವು, ಆದರೆ ಬಂಗಾರದ ಬಣ್ಣದ ಜರಿಪಟ್ಟಿ ಇನ್ನೂ ಹೊಳೆಯುತ್ತಿತ್ತು. ಕೌದಿಯವಳ ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. “ಇವನ್ನ ಏನ್ ಮಾಡ್ತೀರಿ?” ಎಂದಳು. “ಒಗದ ಬಿಡೂದ್ರಿ” ಎಂದರು ಅವರು. ಜಗಳಕ್ಕೆಂದು ಹೋದವಳು ಕೋಟುಗಳ ಗಂಟು ಹೊತ್ತು ಮನೆಗೆ ಬಂದಳು.

ಆ ಕೌದಿಯನ್ನು ನಾನು ನೋಡಿದ್ದೇನೆ. ಕೆಂಪು ತುಂಡುಗಳ ಸುತ್ತ ಜರಿ ಮಿಂಚುತ್ತಿತ್ತು, ನಡುವೆ ಹಿತ್ತಾಳೆಯ ಗುಂಡಿಗಳು. ಹೊದ್ದು ಮಲಗಿದವರು ಎದ್ದು ಮದುವೆಯ ವರಾತದ ಮೆರವಣಿಗೆ ಹೊರಡಬೇಕು, ಅಂಥ ಕೌದಿ! ಅದನ್ನು ಮಾಸ್ತರಿಗೇ ಕೊಟ್ಟಳಂತೆ. ಮೂಲೆ ಮುಚ್ಚಲು ಹೋಳಿಗೆ ಮಾಡಿ ಡಬ್ಬಿ ತುಂಬ ಒಯ್ದಳಂತೆ. ನಾನು ಫೋನಿನಲ್ಲಿ ಕೇಳಿದೆ:

“ಒಂದು ತುತ್ತಿಗೆ ಡಬ್ಬಿ ತುಂಬ ಯಾಕ ಅತ್ತಿ?”

“ಕೌದಿ ದೊಡ್ಡದೈತಿ.”

ಆಮೇಲೆ ನೋಡಿ, ಆ ಕೌದಿಗೆ ವಾರಕ್ಕೊಮ್ಮೆ ಹಸಿವಾಗತೊಡಗಿತು! ಒಂದು ವಾರ ಹೋಳಿಗೆ, ಇನ್ನೊಂದು ವಾರ ಮಾದಲಿ, ಮತ್ತೊಂದು ವಾರ ಎಣಗಾಯಿ ಪಲ್ಯ ಮತ್ತು ರೊಟ್ಟಿ. ಕೌದಿ ಎಲ್ಲಾದರೂ ಎಣಗಾಯಿ ತಿನ್ನುತ್ತದೆಯೇ? ಮಾಸ್ತರು ಖಾಲಿ ಡಬ್ಬಿಯನ್ನು ಎಂದೂ ಖಾಲಿ ಮರಳಿಸಲಿಲ್ಲ. ಒಮ್ಮೆ ಪೇರಲ, ಒಮ್ಮೆ ದಾರದ ಉಂಡೆ, ಒಮ್ಮೆ ಕನ್ನಡಕ ಒರೆಸುವ ಬಟ್ಟೆ. ಅತ್ತೆ ಈಗ ಕ್ಲಾರ್ನೆಟ್ಟಿನ ತಾಳಕ್ಕೆ ಸರಿಯಾಗಿ ಹೊಲಿಯುತ್ತಿದ್ದಳು ಎಂದು ಗಲ್ಲಿಯವರ ಸಾಕ್ಷಿಯಿದೆ.

ಯುಗಾದಿಗೆ ಎಲ್ಲರೂ ದರಿಬಡಚಿಯಲ್ಲಿ ಸೇರಿದ್ದೆವು. ಬೇವು ಕುಡಿದು ಊಟಕ್ಕೆ ಕೂತಾಗ ಅತ್ತೆ ಉಪ್ಪು ಕೇಳಿದಷ್ಟು ಸಲೀಸಾಗಿ, “ನಾ ಲಗ್ನ ಆಗಾಕತ್ತೀನಿ” ಎಂದಳು.

“ಯಾರದು ಲಗ್ನ?” ಎಂದ ಅಪ್ಪ.

“ನಂದು.”

“ಯಾವಾಗ?” ಎಂದು ಕೇಳಿದವಳು ಅವ್ವ.

ಅಪ್ಪ ಅವ್ವನ ಮೇಲೆ ಸಿಡಿದ. “ಯಾವಾಗ ಅಂತ ಏನ್ ಕೇಳ್ತಿ? ಯಾಕ ಅಂತ ಕೇಳು!”

“ಯಾಕಂದ್ರ,” ಎಂದಳು ಅತ್ತೆ, “ಸಂಜೀಕ ಒಂದ ಕಪ್ ಚಹಾ ಮಾಡಿ ಮಾಡಿ ಬ್ಯಾಸರ ಆಗೇತಿ. ಎರಡ ಕಪ್ ಮಾಡ್ಬೇಕಂತ ಮಾಡೀನಿ.”

ಅರವತ್ತು ದಾಟಿದ ಹೆಂಗಸು ಒಂದು ಕಪ್ಪಿಗೆ ಇಷ್ಟು ಗಟ್ಟಿಯಾಗಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ತಾಟು ಸರಿಸಿ, “ಮಂದಿ ಮಾರಿಗೆ ಉಗಳ್ತಾರ. ಬ್ಯಾಡ” ಎಂದ. ಅತ್ತೆ ಅವ್ವನ ಕಡೆ ತಿರುಗಿ, “ವೈನಿ, ಸ್ವಲ್ಪ ಚಟ್ನಿ ಹಾಕ್ರಿ” ಎಂದಳು. ಆ ಶಬ್ದ ಎಲ್ಲಿ ಕೇಳಿಸಬೇಕು?

ಒಂದು ತಿಂಗಳು ಅಣ್ಣ ತಂಗಿಯ ನಡುವೆ ಮಾತಿಲ್ಲ. ಮಾತೆಲ್ಲ ನನ್ನ ಫೋನಿನ ಮೂಲಕವೇ ನಡೆಯುತ್ತಿತ್ತು. ಅಲ್ಲಿಂದ ಬೈಗುಳ ಇಸಿದುಕೊಂಡು ಇಲ್ಲಿಗೆ ಮುಟ್ಟಿಸುವುದು, ಇಲ್ಲಿಯದನ್ನು ಅಲ್ಲಿಗೆ. ನಡುವೆ ಸ್ವಲ್ಪ ಉಪ್ಪು ಖಾರ ತೆಗೆಯುವುದು ನನ್ನ ಧರ್ಮವಾಗಿತ್ತು. ಕೊನೆಗೆ ಅಪ್ಪ ಒಂದು ಮೆಟ್ಟಿಲು ಇಳಿದ. ಹಿಂದಿನವರಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಇತ್ತು, ಅದಕ್ಕೆ ಉಡಕಿ ಎನ್ನುತ್ತಿದ್ದರು. ಕತ್ತಲಾದ ಮೇಲೆ, ದೀಪ ಸಣ್ಣ ಮಾಡಿ, ಬಾಜಾ ಬಜಂತ್ರಿ ಇಲ್ಲದೆ, ಹೊಸ ಸೀರೆ ಉಡಿಸಿ ಕಳಿಸಿಬಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. “ಹಂಗ ಮಾಡ್ಕೋ ಅನ್ನು. ಸದ್ದಿಲ್ದಂಗ. ನಾನೂ ಬರ್ತೀನಿ” ಎಂದ ಅಪ್ಪ.

ನಾನು ಹಿಗ್ಗಿ ಅತ್ತೆಗೆ ಫೋನು ಹಚ್ಚಿದೆ. ಆ ಕಡೆಯಿಂದ ಬಂದ ಮಾತನ್ನು ಉಪ್ಪು ಖಾರ ತೆಗೆಯದೆ ಇಲ್ಲಿ ಇಡುತ್ತೇನೆ:

“ನಾ ಏನ್ ಕಳವು ಮಾಡಾಕತ್ತೀನೇನು, ಕತ್ತಲಾಗ ಮಾಡ್ಕೊಳ್ಳಾಕ? ಮೊದಲ ಲಗ್ನ ನಂಗ ಕೇಳದ ಮಾಡಿದ್ರಿ, ಊರ ತುಂಬ ಬಾಜಾ ಹಚ್ಚಿದ್ರಿ. ಇದು ನಾ ನೋಡಿ, ನಾ ಒಪ್ಪಿ, ನಾ ಮಾಡ್ಕೊಳ್ಳೂ ಲಗ್ನ. ಇದಕ್ಕ ಬಾಜಾ ಬ್ಯಾಡೇನು? ಅದರಾಗ ನಾ ಮಾಡ್ಕೊಳ್ಳಾಂವ ಬ್ಯಾಂಡಿನಾಂವ! ಸದ್ದಿಲ್ದಂಗ ಹೆಂಗ ಮಾಡ್ಲಿ? ಅಣ್ಣಗ ಹೇಳು, ಮಧ್ಯಾಹ್ನ ಹನ್ನೆರಡಕ್ಕ, ಸೂರ್ಯ ನೆತ್ತಿ ಮ್ಯಾಲ ಇರೂ ಮುಂದ.”

ಇದನ್ನು ದರಿಬಡಚಿಗೆ ಮುಟ್ಟಿಸಿದೆ. ಅಪ್ಪ, “ಹಂಗಾದ್ರ ಪಂಚಮಿಗೆ ಕರೆಯಾಕ ನಾ ಬರಂಗಿಲ್ಲ ಅಂತ ಹೇಳು” ಎಂದ. ಹೇಳಬಾರದಿತ್ತು. ಆದರೆ ಹೇಳಿದೆ. ಬೈಗುಳಕ್ಕೆ ಕಾದು ಕೂತೆ, ಬರಲಿಲ್ಲ. ಕೊನೆಗೆ ಅತ್ತೆ, “ಕರೆಂಟ್ ಹೋತವಾ. ಇಡ್ತೀನಿ” ಎಂದು ಇಟ್ಟುಬಿಟ್ಟಳು. ಮೊಬೈಲಿನಲ್ಲಿ ಮಾತಾಡಲು ಕರೆಂಟು ಯಾಕೆ ಬೇಕು? ನಾನು ಕೇಳಲಿಲ್ಲ.

ಮದುವೆ ನಡೆಯಿತು. ಬೇಸಿಗೆಯ ರಣಬಿಸಿಲಿನಲ್ಲಿ, ಅವಳ ಮನೆಯ ಮುಂದೆಯೇ ಹಂದರ ಹಾಕಿ, ಹಾಡಹಗಲು! ಒಂದೇ ಒಂದು ಪೇಚಾಯಿತು. ಕ್ಲಾರ್ನೆಟ್ ಊದುವವರೇ ಮದುಮಗನಾದರೆ ವಾದ್ಯಕ್ಕೆ ಯಾರು? ಬೇರೆ ಬ್ಯಾಂಡಿನವರನ್ನು ಕರೆಯೋಣವೆಂದರೆ ಮಾಸ್ತರು, “ಮಂದಿ ಪೀಪಿಗೆ ನಾ ಲಗ್ನ ಆಗಂಗಿಲ್ರಿ” ಎಂದು ಹಟ ಹಿಡಿದರು. ಹೆಣ್ಣಿಗೆ ತಕ್ಕ ಗಂಡು! ಹೀಗಾಗಿ ತಮ್ಮ ವರಾತದ ಮುಂದೆ ತಾವೇ ಬಾಶಿಂಗ ಕಟ್ಟಿಕೊಂಡು ಕ್ಲಾರ್ನೆಟ್ ಊದುತ್ತ ಬಂದರು. ಬಾಶಿಂಗದ ಎಳೆಗಳು ಉಸಿರೆಳೆದಾಗೊಮ್ಮೆ ಬಾಯೊಳಗೆ ಹೋಗುತ್ತಿದ್ದವು, ಊದಿದಾಗ ಹೊರಗೆ ಬರುತ್ತಿದ್ದವು. ಅಯ್ಯನವರು ಮಂತ್ರ ಹೇಳಿ ತಾಳಿ ಕಟ್ಟಿ ಎಂದರೂ ಇವರು ರಾಗ ಮುಗಿಸದೆ ನಿಲ್ಲಿಸಲಿಲ್ಲ. ಕೊನೆಗೆ ಮದುಮಗಳೇ, “ಮೊದಲ ತಾಳಿ ಕಟ್ರಿ, ಆಮ್ಯಾಲ ಊದ್ರಿ!” ಎಂದು ಗದರಬೇಕಾಯಿತು.

ಊಟದ ಹೊತ್ತಿಗೆ ಗಲ್ಲಿಯ ಹಿರಿಯಳೊಬ್ಬಳು ಬಂದು ನಾಲ್ಕು ಜನರ ನಡುವೆ, “ಈ ವಯಸ್ಸಿನಾಗ ನಾಚಿಕಿ ಬರಲಿಲ್ಲೇನ ನಿಂಗ?” ಎಂದಳು. ಅತ್ತೆ ಅರಿಶಿಣದ ಮುಖದಲ್ಲೇ ನಕ್ಕಳು. “ಬಂದಿತ್ತಬೇ. ಊಟ ಮಾಡಿ ಹೋತು. ನೀನೂ ಊಟ ಮಾಡಿ ಹೋಗು.” ಆಕೆ ಮೂರು ಬುಂದಿ ಉಂಡಿ ಉಂಡು ಹೋದಳು.

ಇಷ್ಟೆಲ್ಲ ಗದ್ದಲದಲ್ಲಿ ಹಂದರದ ಮೊದಲ ಸಾಲಿನ ಒಂದು ಕುರ್ಚಿ ಖಾಲಿಯಿತ್ತು. ಅದರ ಮೇಲೆ ಮಡಿಚಿದ ಬಿಳಿ ಟಾವೆಲ್. ಕೂಡಲು ಹೋದವರನ್ನೆಲ್ಲ ಅತ್ತೆ ಅಂತರಪಟದ ಆಚೆಯಿಂದಲೇ, “ಅದು ಬ್ಯಾಡ, ಕಾಲ ಮುರದೈತಿ” ಎಂದು ಎಬ್ಬಿಸಿದಳು. ನಾನು ಬಗ್ಗಿ ನೋಡಿದೆ. ನಾಲ್ಕೂ ಕಾಲು ಗಟ್ಟಿಯಾಗಿದ್ದವು. ಅಪ್ಪ ಬರಲಿಲ್ಲ. ಅವ್ವ ಬಂದಿದ್ದಳು, ಕಣ್ಣು ತಪ್ಪಿಸಿ ಅಕ್ಷತೆ ಹಾಕಿದಳು. ನನ್ನ ತಮ್ಮ ಮದುವೆಯ ವಿಡಿಯೊ ಮಾಡಿ ಮನೆಯವರ ಗುಂಪಿಗೆ ಹಾಕಿದ. ಅಪ್ಪ ಅದನ್ನು ದನದ ಕೊಟ್ಟಿಗೆಯಲ್ಲಿ ಕೂತು, ಸದ್ದು ಪೂರ್ತಿ ಇಳಿಸಿ, ಮತ್ತೆ ಮತ್ತೆ ನೋಡಿದನಂತೆ. ಅವನ ಪ್ರಕಾರ ಅದು ಸದ್ದಿಲ್ಲದ ಉಡಕಿಯೇ ಆಯಿತಲ್ಲ!

ಶ್ರಾವಣ ಬಂತು. ರೊಟ್ಟಿ ಪಂಚಮಿಯ ದಿನ ತಮ್ಮ ವಿಜಾಪುರಕ್ಕೆ ಬಂದು ನನ್ನನ್ನು ಬೆಳಗಿನಲ್ಲೇ ಕರೆದು ತಂದ. ನಾನು ತವರಿನ ಹೊಸ್ತಿಲು ದಾಟುವಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಶುಭ್ರ ದೋತರ ಉಟ್ಟಿದ್ದ, ಛತ್ರಿ ತೊಡೆಯ ಮೇಲಿತ್ತು. ಜತ್ತಿನ ಬಸ್ಸು ಬಂತು, ನಿಂತಿತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅಪ್ಪ ಏಳಲಿಲ್ಲ. ಅವ್ವನಿಗೆ ತಡೆಯಲಾಗಲಿಲ್ಲ.

“ಹೋಗಿ ಕರಕೊಂಡ ಬರಬಾರದೇನ್ರಿ? ಇನ್ನೂ ಸಿಟ್ಟು ಇಳೀಲಿಲ್ಲೇನು?”

“ಸಿಟ್ಟಲ್ಲ,” ಎಂದ ಅಪ್ಪ. ದನಿ ಬಹಳ ಸಣ್ಣದಾಗಿತ್ತು. “ಅಕಿಗೆ ಈಗ ಮನಿ ಆಗೇತಿ, ಮನಷ್ಯಾ ಅದಾನ. ಇನ್ನ ಅಕಿನ್ನ ಕರೆಯಾಕ ನಾ ಯಾಕ ಬೇಕು?”

ಇಷ್ಟು ದಿನ ಎರಡೂ ಕಡೆಯ ಮಾತು ಹೊತ್ತು ತಿರುಗಿದವಳು ನಾನು. ಮಂದಿ, ಮಾನ, ಬ್ಯಾಂಡು, ಬಿಸಿಲು, ಎಲ್ಲ ಮುಟ್ಟಿಸಿದ್ದೆ. ಈ ಮಾತು ಮಾತ್ರ ಅವನು ನನ್ನ ಕೈಗೆ ಕೊಟ್ಟಿರಲಿಲ್ಲ. ಅಪ್ಪನಿಗೆ ತಂಗಿಯ ಮದುವೆ ಬೇಡವಾಗಿರಲಿಲ್ಲ. ತಾನು ಬೇಡವಾದೆ ಎಂದು ಅವನು ಹೆದರಿದ್ದ.

ಅಷ್ಟರಲ್ಲಿ ಊರ ಬಾಗಿಲ ಕಡೆಯಿಂದ ಒಂದು ಕೂಗು ಕೇಳಿತು. “ಏ ಕುರಿ! ಸರೀರೋ! ಹಬ್ಬದ ದಿವಸ ನಿಮ್ದೇನ ನಡು ರಸ್ತೆದಾಗ ಸಭಾ?” ಕುರಿಹಿಂಡನ್ನು ಎರಡು ಪಾಲು ಮಾಡಿಕೊಂಡು ಸ್ಕೂಟಿ ಬಂತು. ಹೊಸ ಹಸಿರು ಬಳೆ, ಸೊಂಟಕ್ಕೆ ಬಿಗಿದ ಸೆರಗು. ಗಾಡಿ ನಿಲ್ಲಿಸಿ ಒಳಗೆ ಬಾರದೆ ಅಂಗಳದಲ್ಲೇ ನಿಂತಳು.

“ವೈನಿ, ನೀರ ಕೊಡ್ರಿ. ಕರೆಯಾಕ ಬಂದವರಿಗೆ ನಿಮ್ಮ ಮನ್ಯಾಗ ನೀರ ಕೊಡೂದಿಲ್ಲೇನು?”

“ಯಾರನ್ನ ಕರೆಯಾಕ?” ಎಂದಳು ಅವ್ವ.

“ಅಣ್ಣನ್ನ. ಪಂಚಮಿಗೆ.”

ಅಪ್ಪ ಎದ್ದು ನಿಂತ. “ಗಂಡಸರನ್ನ ಯಾರರ ಪಂಚಮಿಗೆ ಕರೀತಾರೇನು? ಮಂದಿ ನಗ್ತಾರ!”

“ನಗಲಿ, ಹಬ್ಬ ಐತಿ. ವರ್ಷಾ ನೀ ಬರ್ತಿದ್ದಿ. ಈ ವರ್ಷ ನೀ ಬರಲಿಲ್ಲ, ನಾ ಬಂದೀನಿ. ಯಾರರ ಒಬ್ಬರು ಕರೀಬೇಕಲ್ಲ? ನಡಿ.”

“ನಾ ಒಲ್ಲೆ,” ಎಂದ ಅಪ್ಪ. “ಭಾಳ ಕೆಲಸ ಐತಿ.”

ನಮಗೆಲ್ಲ ಈ ಮಾತು ಬಾಯಿಪಾಠ! ಅತ್ತೆ ತಲೆಯಾಡಿಸಿ, “ಹೂಂ. ಚೀಲ ಎಲ್ಲಿ ಐತಿ?” ಎಂದಳು. ಅವ್ವ ಒಳಗೆ ಹೋಗಿ ಬಾಗಿಲ ಹಿಂದಿನಿಂದ ಉಂಡಿಯ ಚೀಲ ತಂದಿಟ್ಟಳು. “ಮುಂಜಾನೆ ಅವರ ಕೈಯಾರೆ ತುಂಬ್ಯಾರ. ಎಲ್ಲಿಗೆ ಅಂತ ನಾ ಕೇಳಿಲ್ಲ” ಎಂದಳು.

ಸ್ಕೂಟಿ ಬ್ಯಾಡ ಎಂದಿದ್ದ ಅಪ್ಪ ಅದೇ ಸ್ಕೂಟಿಯ ಹಿಂದೆ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಚೀಲ ಹಿಡಿದು ಕೂತ. “ನಿಧಾನ ಹೊಡಿ” ಎಂದ. ಅದೂ ಅವಳಿಗೆ ಕೇಳಿಸಲಿಲ್ಲ. ನಾವೆಲ್ಲ ಸೀಟಿನ ಲೆಕ್ಕದಲ್ಲಿ ಮಂದಿ ತುಂಬುವ ವಡಾಪಿನ ಜೀಪು ಹಿಡಿದು ಜನರ ನಡುವೆ ತುರುಕಿಕೊಂಡು ಹಿಂದೆ ಹೋದೆವು. ನಾವು ಮುಟ್ಟುವಷ್ಟರಲ್ಲಿ ಅಪ್ಪ ಜತ್ತಿನ ಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಅದೇ ಕುರ್ಚಿ, ಅದೇ ಬಿಳಿ ಟಾವೆಲ್. “ಕಾಲ ಮುರದೈತಿ ಅಂದಿದ್ದೆಲ್ಲ ಅತ್ತಿ?” ಎಂದು ಕೆಣಕಿದೆ. “ದುರಸ್ತಿ ಆತು” ಎಂದಳು.

ಎದುರಿಗೆ ಮಾಸ್ತರು ಗೋಡೆಗೆ ಒರಗಿ ನಿಂತಿದ್ದರು. ಸಾವಿರ ಮದುವೆಯಲ್ಲಿ ಬೆದರದವರು ಒಬ್ಬ ಅಣ್ಣನೆದುರು ಬೆವರುತ್ತಿದ್ದರು. “ನೀವೂ ಕುಂದ್ರಿ” ಎಂದ ಅಪ್ಪ. ಕೂತರು. ಚಹಾ ಬಂತು, ಮುಗಿಯಿತು. ಕೊನೆಗೆ ಅಪ್ಪ ಗಂಟಲು ಸರಿಮಾಡಿಕೊಂಡ.

“ಬಾಶಿಂಗ ಬಾಯಾಗ ಹೋಗಾಕತ್ತಿತ್ತಲ್ರಿ.”

“ಹೌದ್ರಿ.”

“ಬಿಗೀ ಕಟ್ಟಬೇಕ್ರಿ ಅದನ್ನ.”

“ಮುಂದಿನ ಸರ್ತಿ ಬಿಗೀ ಕಟ್ತೀನ್ರಿ.”

“ಯಾವ ಮುಂದಿನ ಸರ್ತಿ?!” ಎಂದು ಅಡುಗೆಮನೆಯಿಂದ ಕೂಗು ಬಂತು. ಗಂಡಸರಿಬ್ಬರೂ ಮೊದಲ ಬಾರಿಗೆ ಒಟ್ಟಿಗೆ ನಕ್ಕರು.

ಮರುದಿನ ಪಂಚಮಿ. ಗಲ್ಲಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅತ್ತೆ ಅಣ್ಣನನ್ನು ಅದರ ಮೇಲೆ ಕೂಡಿಸಿದಳು. ಮಾಸ್ತರು ಹಿಂದಿನಿಂದ ಹದವಾಗಿ ತೂಗಿದರು. “ಸಾಕು, ಬ್ಯಾಡ, ಇಳಸ್ರಿ” ಎಂದು ಅಪ್ಪ ಕೂಗಿದ. ಇಷ್ಟು ದಿನದ ಸಂಸಾರದಲ್ಲಿ ಮಾಸ್ತರಿಗೂ ಆ ಕಿವಿಯ ರೋಗ ಅಂಟಿತ್ತು, ಇನ್ನೂ ಎತ್ತರಕ್ಕೆ ತೂಗಿದರು. ಗಲ್ಲಿಯವರು ನಿಂತು ನಕ್ಕರು. ಅಪ್ಪನ ಟೊಪ್ಪಿಗೆ ಹಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಕೂಡ ಅವನು ಇಳಿಯಲಿಲ್ಲ.

ಹಬ್ಬ ಮುಗಿಸಿ ಹೊರಡುವ ಹೊತ್ತು. ಅತ್ತೆ ಮೊರದಲ್ಲಿ ಜೋಳ, ತೆಂಗಿನಕಾಯಿ, ಅಡಿಕೆ, ಅರಿಶಿಣಕೊಂಬು, ಒಂದು ಖಣ ಇಟ್ಟುಕೊಂಡು ಬಂದಳು. ಅವ್ವ ಸೆರಗು ಮುಂದೆ ಹಿಡಿದಳು. ಅತ್ತೆ ಅವಳನ್ನು ದಾಟಿ ಹೋದಳು.

“ಅಣ್ಣಾ, ಟಾವೆಲ್ ಹಿಡಿ.”

“ಯಾಕ?”

“ಉಡಿ ತುಂಬ್ತೀನಿ. ತವರಿಂದ ಬರೇ ಉಡೀಲೆ ಕಳಸಬಾರದು.”

ನಾವು ನಕ್ಕೆವು. ಅಪ್ಪ ನಗಲಿಲ್ಲ. ಹೆಗಲ ಮೇಲಿನ ಟಾವೆಲ್ ತೆಗೆದು, ಎರಡೂ ತುದಿ ಹಿಡಿದು ಮುಂದೆ ಒಡ್ಡಿದ. ಅತ್ತೆ ಒಂದೊಂದೇ ಹಾಕಿದಳು. ಖಣ ಬಿದ್ದಾಗ, “ಇದು ನಂಗ ಯಾಕ?” ಎಂದ. “ಪದ್ಧತಿ. ವೈನಿ ಕುಬಸ ಹೊಲಿಸ್ಕೊಳ್ಳಲಿ” ಎಂದಳು ಅವಳು. ಅತ್ತೆಯ ಮನೆಯಲ್ಲಿ ದನದ ಕೊಟ್ಟಿಗೆಯಿಲ್ಲ, ನೆನಪಾಗಲು ಯಾವ ಕೆಲಸವೂ ಇಲ್ಲ. ತುಂಬಿದ ಉಡಿ ಎದೆಗೆ ಹಿಡಿದು, ಎಲ್ಲರೆದುರು, ಗಂಡನ ಮನೆಗೆ ಹೊರಟ ಮಗಳ ಹಾಗೆ ಅಪ್ಪ ಅತ್ತ.

ಬಾಗಿಲು ದಾಟಿದವನು ತಿರುಗಿ ನಿಂತು, ತಂಗಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಏನೋ ಹೇಳಿದ. ಪಕ್ಕದಲ್ಲಿದ್ದ ನನಗೂ ಕೇಳಿತು. ನಾಲ್ಕು ಮನೆ ಆಚೆಯ ಪಿಸುಮಾತು ಕೇಳಿಸಿಕೊಳ್ಳುವ ನಮ್ಮತ್ತೆ ಕಣ್ಣೊರೆಸಿಕೊಂಡು, ಕಿವಿಗೆ ಕೈ ಹಚ್ಚಿ, “ಏನಂದಿ? ಕೇಳಸಲಿಲ್ಲ” ಎಂದಳು.

ಅಪ್ಪ ಹಾಡಹಗಲು, ಇಡೀ ಗಲ್ಲಿಗೆ ಕೇಳುವಂತೆ ಹೇಳಿದ:

“ಬರೂ ವರ್ಷನೂ ಕರೆಯಾಕ ಬಾರವಾ ಅಂದ್ನಿ!”